ಅಪ್ಪನ ಮನೆ ಮಾರಿಕೊಟ್ಟ ಕಂಪನಿಗೆ ಐದರಲ್ಲಿ ಎರಡು ಸ್ಟಾರ್

ಮೈಸೂರಿನ ಕುವೆಂಪುನಗರದಲ್ಲಿ 30-40 ಸೈಟಿನಲ್ಲಿ ನಮ್ಮದೊಂದು ಮನೆ ಇತ್ತು. ಅಪ್ಪ 1992ರಲ್ಲಿ ಸೈಟು ತೆಗೆದುಕೊಂಡರು, 1996ರಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದರು. 2022ರಲ್ಲಿ ತೀರಿಕೊಂಡರು. ಆಮೇಲೆ ಅಮ್ಮ ಒಬ್ಬರೇ ಅಲ್ಲಿದ್ದರು. ಮಂಡಿನೋವು ಜಾಸ್ತಿಯಾಗಿ ಕೊನೆಗೆ ಬೆಂಗಳೂರಿಗೆ ನನ್ನ ಹತ್ತಿರ ಬರಲು ಒಪ್ಪಿದರು. ನಾವಿರುವ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹಾಗಾಗಿ ಮೈಸೂರಿನ ಮನೆ ಮಾರಿ ಇಲ್ಲೊಂದು ಲಿಫ್ಟ್ ಇರುವ ಫ್ಲ್ಯಾಟ್ ತೆಗೆದುಕೊಳ್ಳೋಣ ಅಂತ ನಾನು, ಅಮ್ಮ, ತಮ್ಮ ಕೂತು ತೀರ್ಮಾನ ಮಾಡಿದೆವು. 2025ರ ಫೆಬ್ರವರಿಯಲ್ಲಿ ಶುರುವಾದ ಕೆಲಸ ಮುಗಿದಾಗ ನವೆಂಬರ್.

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಮಾತು ಕೊಟ್ಟು ಇದೇ ಕಮಿಷನ್ ಕೇಳುವವರು ಈಗ ಎಲ್ಲಾ ಊರಲ್ಲೂ ಇದ್ದಾರೆ, ಓದುವವರಿಗೆ ಬೇಕಾಗುವುದು ಅವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಅನ್ನುವುದು. ಇವರ ಮಾತು ಹೀಗಿತ್ತು: ಫೋಟೋ ತೆಗೆಯುವುದರಿಂದ ಹಿಡಿದು ರಿಜಿಸ್ಟ್ರೇಷನ್ ತನಕ ಎಲ್ಲಾ ನಮ್ಮ ಜವಾಬ್ದಾರಿ, ನೀವು ಸಹಿ ಹಾಕೋಕೆ ಬಂದರೆ ಸಾಕು. ಕಮಿಷನ್ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ. ಮನೆ 96 ಲಕ್ಷಕ್ಕೆ ಹೋಯಿತು. ಲೆಕ್ಕ ಹಾಕಿದರೆ 1,92,000 ಕಮಿಷನ್, 34,560 ಜಿಎಸ್‌ಟಿ, ಒಟ್ಟು 2,26,560 ರೂಪಾಯಿ. ನಮ್ಮ ಬೀದಿಯ ಹಳೇ ಬ್ರೋಕರ್ ಶೇ 1 ಕೇಳಿದ್ದರು. ಆದರೂ ಕಂಪನಿಗೇ ಕೊಟ್ಟೆವು, ಯಾಕಂದರೆ ನಾನು ಬೆಂಗಳೂರಲ್ಲಿ, ತಮ್ಮ ದಾವಣಗೆರೆಯಲ್ಲಿ, ಕಾಗದಪತ್ರಕ್ಕೆ ಓಡಾಡುವವರು ಯಾರೂ ಇರಲಿಲ್ಲ. ಆ ಓಡಾಟಕ್ಕೇ ನಾವು ಜಾಸ್ತಿ ದುಡ್ಡು ಕೊಡಲು ಒಪ್ಪಿದ್ದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಫೋಟೋ ತೆಗೆಯಲು ಬಂದ ಹುಡುಗ ತುಂಬಾ ಚೆನ್ನಾಗಿ ಕೆಲಸ ಮಾಡಿದ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಹಾಲ್‌ಗೆ ಬೀಳುತ್ತೆ ಅಂತ ಅಮ್ಮ ಹೇಳಿದ್ದಕ್ಕೆ ಆ ಹೊತ್ತಿಗೇ ಬಂದ, ಹಿತ್ತಲಿನ ಸೀಬೆಮರವನ್ನೂ ಬಿಡಲಿಲ್ಲ. ಮಾರ್ಚ್‌ನಿಂದ ಮೇ ತನಕ ಹನ್ನೊಂದು ಪಾರ್ಟಿ ಮನೆ ನೋಡಲು ಬಂದರು. ಒಂದು ಸಲವೂ ಕಂಪನಿಯ ಹುಡುಗ ಜೊತೆಯಲ್ಲಿಲ್ಲದೆ ಯಾರೂ ಬರಲಿಲ್ಲ. ಒಬ್ಬರೇ ಇರುವ ಅಮ್ಮನಿಗೆ ಇದು ಎಷ್ಟು ದೊಡ್ಡ ಧೈರ್ಯ ಅನ್ನುವುದು ನನಗೆ ಗೊತ್ತು. ಎರಡು ಸ್ಟಾರ್ ಕೊಟ್ಟಿರುವುದು ಇದಕ್ಕೇ.

ಒಂದು ಪಾರ್ಟಿ 60 ಲಕ್ಷ ಪತ್ರದಲ್ಲಿ ತೋರಿಸಿ ಮಿಕ್ಕಿದ್ದು ಕ್ಯಾಶ್ ಕೊಡುತ್ತೇವೆ ಅಂದರು. ನಾನು ಬೇಡ ಅಂದೆ. ಕಂಪನಿಯ ಮ್ಯಾನೇಜರ್ ಎರಡು ಸಲ ಫೋನ್ ಮಾಡಿ, 'ಎಲ್ಲರೂ ಹೀಗೇ ಮಾಡ್ತಾರೆ ಮೇಡಂ, ಒಳ್ಳೆ ಪಾರ್ಟಿ, ಬಿಡಬೇಡಿ' ಅಂದರು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ಎಷ್ಟು ತೆಗೆದುಕೊಂಡಿರೋ ಅಷ್ಟೇ ದಂಡ ಬೀಳಬಹುದು. ದಂಡ ಬೀಳುವುದು ತೆಗೆದುಕೊಂಡವರಿಗೆ. ಅಂದರೆ ಅಮ್ಮನಿಗೆ, ನನಗೆ, ತಮ್ಮನಿಗೆ. ಶೇ 2 ಕಮಿಷನ್ ತೆಗೆದುಕೊಳ್ಳುವವರು ಇದನ್ನು ನಮಗೆ ಹೇಳಿ ಎಚ್ಚರಿಸಬೇಕಿತ್ತು ಅಲ್ವಾ?

ಇನ್ನು ಕಾಗದಪತ್ರದ ವಿಷಯ. ನನಗೆ ನಿಜವಾಗಿ ಬೇಜಾರಾಗಿದ್ದು ಇಲ್ಲೇ.

ಅವರ ಜಾಹೀರಾತಿನಲ್ಲಿ ನಮ್ಮ ಮನೆಯ ಫೋಟೋ ಪಕ್ಕ ಒಂದು ಹಸಿರು ಟಿಕ್ ಗುರುತು ಇತ್ತು. 'ದಾಖಲೆ ಪರಿಶೀಲಿಸಲಾಗಿದೆ' ಅಂತ. ಅದನ್ನು ನಂಬಿ ನಾವೂ ನಿಶ್ಚಿಂತೆಯಾಗಿದ್ದೆವು, ಕೊಳ್ಳುವವರೂ ನಿಶ್ಚಿಂತೆಯಾಗಿ ಮೇ ಕೊನೆಯಲ್ಲಿ 5 ಲಕ್ಷ ಅಡ್ವಾನ್ಸ್ ಕೊಟ್ಟರು. 90 ದಿನಕ್ಕೆ ಅಗ್ರಿಮೆಂಟ್ ಆಯಿತು. ಜೂನ್ ಕೊನೆಗೆ ಕೊಳ್ಳುವವರ ಬ್ಯಾಂಕಿನ ವಕೀಲರು ಪತ್ರಗಳನ್ನೆಲ್ಲ ವಾಪಸ್ ಕಳಿಸಿದರು. ಒಂದು ಪುಟ ತುಂಬಾ ಕೊರತೆಗಳ ಪಟ್ಟಿ. ಹಾಗಾದರೆ ನೀವು ಪರಿಶೀಲಿಸಿದ್ದೇನು ಅಂತ ಕಂಪನಿಗೆ ಕೇಳಿದೆ. ಕ್ರಯಪತ್ರದ ಜೆರಾಕ್ಸ್ ಮತ್ತು ಆ ವರ್ಷದ ಕಂದಾಯದ ರಸೀದಿ ಬಂದಿದೆಯಾ ಅಂತ ಮಾತ್ರ ನೋಡಿದ್ದರಂತೆ. ಆ ಎರಡು ಕಾಗದ ಇದ್ದರೆ ಟಿಕ್ ಬೀಳುತ್ತದೆ. ಅಪ್ಪ ತೀರಿಕೊಂಡಿದ್ದಾರೆ ಅಂತ ಫೆಬ್ರವರಿಯಲ್ಲೇ ನಾನು ಅವರಿಗೆ ಬರೆದು ಕೊಟ್ಟಿದ್ದೆ. ಹಾಗಿದ್ದಮೇಲೆ ಖಾತೆ ಯಾರ ಹೆಸರಲ್ಲಿದೆ ಅಂತ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಕಂದಾಯವನ್ನು ಅಮ್ಮ ಅಪ್ಪನ ಹೆಸರಲ್ಲೇ ಕಟ್ಟಿಕೊಂಡು ಬಂದಿದ್ದರು.

ಆಗ ನಾನೇ ರಜೆ ಹಾಕಿ ಮೈಸೂರಿಗೆ ಹೋದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಕೂರುವ ಪತ್ರ ಬರಹಗಾರರೊಬ್ಬರನ್ನು ಚಿಕ್ಕಪ್ಪ ತೋರಿಸಿದರು. ವಯಸ್ಸಾದವರು. ಕನ್ನಡಕ ಹಾಕಿಕೊಂಡು ಇಡೀ ಕಟ್ಟನ್ನು ಬಿಚ್ಚಿ ಒಂದೊಂದೇ ಹಾಳೆ ತಿರುಗಿಸಿದರು. ಅರ್ಧ ಗಂಟೆ ಆಗಿರಬಹುದು. ಅವರು ಕೇಳಿದ ಮೊದಲ ಪ್ರಶ್ನೆ, 'ನಿಮ್ಮಪ್ಪ ಹೋದಾಗ ನಿಮ್ಮಜ್ಜಿ ಇದ್ರಾ ಅಮ್ಮಾ?' ನನಗೆ ಯಾಕೆ ಅಂತ ಗೊತ್ತಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಸ್ವಂತ ದುಡಿಮೆಯ ಆಸ್ತಿ, ಉಯಿಲು ಇಲ್ಲ ಅಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳು, ಜೊತೆಗೆ ಹೆತ್ತ ತಾಯಿಗೂ ಸಮಪಾಲು. ಅಜ್ಜಿ ಆಗ ಬದುಕಿದ್ದಿದ್ದರೆ ಅವರ ಪಾಲು, ಅವರ ನಂತರ ಅವರ ವಾರಸುದಾರರು, ಅಂದರೆ ಅತ್ತೆಯಂದಿರು, ಚಿಕ್ಕಪ್ಪ ಎಲ್ಲರೂ ಸಹಿಗೆ ಬರಬೇಕಾಗುತ್ತಿತ್ತು. ನಮ್ಮ ಅಜ್ಜಿ ಅಪ್ಪನಿಗಿಂತ ಮೊದಲೇ ಹೋಗಿದ್ದರು. ಹಾಗಾಗಿ ಮೂರೇ ಪಾಲು. ಐದು ತಿಂಗಳಲ್ಲಿ ಕಂಪನಿಯ ಯಾರಿಗೂ ಹೊಳೆಯದ ಪ್ರಶ್ನೆ ಇದು. ಅವರ ಹುಡುಗನೊಬ್ಬ ನನ್ನನ್ನೇ, 'ಮೇಡಂ, ಅಮ್ಮನದು, ತಮ್ಮನದು ಸಹಿ ಆದ್ರೆ ಸಾಕಲ್ವಾ, ನೀವು ಯಾಕೆ ಬೆಂಗಳೂರಿಂದ ಬರ್ತೀರಾ' ಅಂತ ಕೇಳಿದ್ದ. ಹೆಣ್ಣುಮಗಳ ಸಹಿ ಬಿಟ್ಟು ಆದ ಪತ್ರ ಮುಂದೆ ಕೊಂಡವರ ಕುತ್ತಿಗೆಗೆ ಬರುತ್ತದೆ ಅಂತ ಈ ಕೆಲಸ ಮಾಡುವವರಿಗೇ ಗೊತ್ತಿಲ್ಲದಿದ್ದರೆ ಹೇಗೆ?

ಪತ್ರ ಬರಹಗಾರರು ಹೇಳಿದ ಉಳಿದ ಕೊರತೆಗಳನ್ನೂ ಬರೆಯುತ್ತೇನೆ, ಅಪ್ಪ-ಅಮ್ಮನ ಮನೆ ಮಾರಲು ಹೊರಟವರಿಗೆ ಉಪಯೋಗವಾಗಲಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ಖಾತೆಯನ್ನು ನಮ್ಮ ಮೂವರ ಹೆಸರಿಗೆ ಮಾಡಿಸಬೇಕು, ಆಮೇಲೆ ಅದರ ಡಿಜಿಟಲ್ ರೂಪವಾದ ಇ-ಖಾತೆ ತೆಗೆಯಬೇಕು. ಖಾತೆ ಅನ್ನುವುದು ಕಂದಾಯದ ಲೆಕ್ಕ, ಅದೇ ಮಾಲೀಕತ್ವ ಅಲ್ಲ. ಆದರೆ ಈಗ ಇ-ಖಾತೆ ಇಲ್ಲದೆ ಊರೊಳಗಿನ ಆಸ್ತಿ ರಿಜಿಸ್ಟರ್ ಆಗುವುದಿಲ್ಲ. ಇಸಿ, ಅಂದರೆ ಆಸ್ತಿಯ ಮೇಲೆ ಆಗಿರುವ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರದ ವಿಷಯ ಇನ್ನೊಂದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಆದರೆ ಅದರಲ್ಲಿ ಸಿಗುವುದು 2004ರಿಂದ ಈಚಿನ ವಿವರ. ಅದಕ್ಕೂ ಹಿಂದಿನದಕ್ಕೆ ಬೇರೆಯಾಗಿ ಅರ್ಜಿ ಹಾಕಿ ಹಳೇ ಪುಸ್ತಕದಿಂದ ತೆಗೆಸಬೇಕು. ಅದನ್ನು ತೆಗೆಸಿದಾಗ 1996ರ ಅಪ್ಪನ ಸಾಲದ ಅಡಮಾನ ಹಾಗೇ ನಿಂತಿತ್ತು. ಅಪ್ಪ ಸಾಲ ಪೂರ್ತಿ ತೀರಿಸಿದ್ದರು, ಕೊನೆಯ ಕಂತಿನ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಆದರೆ ಸಾಲ ಕೊಟ್ಟ ಸೊಸೈಟಿಯಿಂದ ಅಡಮಾನ ಖುಲಾಸೆ ಪತ್ರ ಬರೆಸಿ ರಿಜಿಸ್ಟರ್ ಮಾಡಿಸಿರಲಿಲ್ಲ. ರಸೀದಿ ಸಾಕು ಅಂದುಕೊಂಡಿದ್ದರು ಪಾಪ. ಸುಮಾರು ಮೂವತ್ತು ವರ್ಷ ಆದಮೇಲೆ ಅದನ್ನು ಮಾಡಿಸಲು ನಾನು ಮತ್ತು ತಮ್ಮ ನಾಲ್ಕು ಸಲ ಓಡಾಡಿದೆವು.

ಇದೆಲ್ಲ ಮಾರ್ಚ್‌ನಲ್ಲೇ ಶುರುವಾಗಿದ್ದರೆ ಅಡ್ವಾನ್ಸ್ ತೆಗೆದುಕೊಳ್ಳುವ ಹೊತ್ತಿಗೆ ಮುಗಿದಿರುತ್ತಿತ್ತು. ನಾವು ಶುರು ಮಾಡಿದ್ದು ಜುಲೈನಲ್ಲಿ. ಅಗ್ರಿಮೆಂಟ್ ಅವಧಿ ಮುಗಿಯಿತು, ಕೊಳ್ಳುವವರ ಕೈಕಾಲು ಹಿಡಿದು ಇನ್ನೊಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡೆವು. ಅಷ್ಟರಲ್ಲಿ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. 96 ಲಕ್ಷಕ್ಕೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ 5,37,600. ನೋಂದಣಿ ಶುಲ್ಕ 96,000 ಇದ್ದದ್ದು 1,92,000 ಆಯಿತು. ಕೊಳ್ಳುವವರು ಬಂದು ಅಮ್ಮನ ಮುಂದೆ ಕೂತು, 'ನಿಮ್ಮ ಪೇಪರ್ ಸರಿ ಇದ್ದಿದ್ರೆ ನಮಗೆ ಇದು ಬೀಳ್ತಾ ಇರಲಿಲ್ಲ ಅಲ್ವಾ ಅಮ್ಮಾ' ಅಂದರು. ಅವರು ಹೇಳಿದ್ದು ನ್ಯಾಯವೇ. ಅವರೂ ಸಂಬಳದವರು, ಸಾಲ ಮಾಡಿ ಮನೆ ಕೊಳ್ಳುತ್ತಿರುವವರು. ಅರ್ಧ, ಅಂದರೆ 48,000, ನಾವು ಬಿಟ್ಟುಕೊಟ್ಟೆವು. ಸೆಪ್ಟೆಂಬರ್ ಮೂರನೇ ವಾರ ರಿಜಿಸ್ಟ್ರೇಷನ್ ಆಯಿತು. ಪತ್ರದ ಕರಡು ಮೊದಲೇ ಆನ್‌ಲೈನ್‌ನಲ್ಲಿ ಹಾಕಿ, ದುಡ್ಡು ಕಟ್ಟಿ, ಸಮಯ ಕಾಯ್ದಿರಿಸಿಕೊಂಡು ಹೋಗಿದ್ದರಿಂದ ಆ ದಿನದ ಕೆಲಸ ಸಲೀಸಾಗಿ ಮುಗಿಯಿತು. ಆ ಕರಡು ಬರೆದವರೂ ಅದೇ ಪತ್ರ ಬರಹಗಾರರು. ಕಂಪನಿಯವರು ಕಳಿಸಿದ ಕರಡಿನಲ್ಲಿ ಚೆಕ್ಕುಬಂದಿಯ, ಅಂದರೆ ಸೈಟಿನ ನಾಲ್ಕು ಗಡಿಯ ವಿವರದ, ಪೂರ್ವ-ಪಶ್ಚಿಮವೇ ಅದಲುಬದಲಾಗಿತ್ತು.

ಟಿಡಿಎಸ್, ಅಂದರೆ ಕೊಳ್ಳುವವರು ನಮಗೆ ಕೊಡುವ ದುಡ್ಡಿನಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯ ವಿಷಯದಲ್ಲೂ ಒಂದು ತಪ್ಪು ಆಗುವುದರಲ್ಲಿತ್ತು. ಮೂವರಿಗೂ ತಲಾ 32 ಲಕ್ಷ ಬರುವುದರಿಂದ, ಒಬ್ಬೊಬ್ಬರ ಪಾಲು 50 ಲಕ್ಷದ ಒಳಗೆ ಇದೆ, ಟಿಡಿಎಸ್ ಬೇಡ ಅಂತ ಕಂಪನಿಯವರು ಕೊಳ್ಳುವವರಿಗೆ ಹೇಳಿದ್ದರು. 2024ರ ಅಕ್ಟೋಬರ್ 1ರಿಂದ ನಿಯಮ ಸ್ಪಷ್ಟವಾಗಿದೆ. ಮಾರುವವರು ಎಷ್ಟೇ ಜನ ಇರಲಿ, ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಹಿಡಿಯಲೇಬೇಕು. ನಮ್ಮ ಆಡಿಟರ್ ನೋಡಿ ಹೇಳಿದರು. ಮೂವರ ಪ್ಯಾನ್‌ಗೆ ಮೂರು ಬೇರೆ ಬೇರೆ 26ಕ್ಯೂಬಿ ಅನ್ನುವ ಟಿಡಿಎಸ್ ಫಾರಂ ತುಂಬಬೇಕು ಅಂತಲೂ ಅವರೇ ಹೇಳಿದ್ದು. ಒಬ್ಬರ ಪ್ಯಾನ್‌ಗೇ ಎಲ್ಲಾ ಹಾಕಿಬಿಟ್ಟರೆ ಆಮೇಲೆ ರಿಟರ್ನ್ಸ್‌ನಲ್ಲಿ ಲೆಕ್ಕ ಕೂರುವುದಿಲ್ಲ.

ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಿದ ಲಾಭದ ಮೇಲಿನ ತೆರಿಗೆಯ ಬಗ್ಗೆ ಎರಡು ಮಾತು. ಹಳೇ ಮನೆ, ಇಂಡೆಕ್ಸೇಷನ್ ಹಾಕಿ (ಹಳೇ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ) ಶೇ 20 ಕಟ್ಟುವುದೇ ಲಾಭ ಅಂತ ನಾನು ಅಂದುಕೊಂಡಿದ್ದೆ. ಇಷ್ಟು ಹಳೇ ಆಸ್ತಿಗೆ ಕೊಂಡ ಬೆಲೆಯ ಬದಲು ಲೆಕ್ಕಕ್ಕೆ ಹಿಡಿದ 2001ರ ಏಪ್ರಿಲ್ 1ರ ಬೆಲೆ 7 ಲಕ್ಷ ಅಂತ ಬಂತು, ಆ ದಿನದ ಸರ್ಕಾರಿ ದರಕ್ಕಿಂತ ಜಾಸ್ತಿ ತೋರಿಸುವ ಹಾಗಿಲ್ಲ. ಲೆಕ್ಕ ಹಾಕಿದರೆ ಇಂಡೆಕ್ಸೇಷನ್‌ನಲ್ಲಿ ಒಟ್ಟು ಸುಮಾರು 13.9 ಲಕ್ಷ ತೆರಿಗೆ, ಇಂಡೆಕ್ಸೇಷನ್ ಇಲ್ಲದ ಶೇ 12.5ರಲ್ಲಿ 11.1 ಲಕ್ಷ. ಎರಡನ್ನೂ ಹಾಕಿ ನೋಡದೆ ಯಾರ ಮಾತನ್ನೂ ಕೇಳಬೇಡಿ. ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಈ ತೆರಿಗೆ ಉಳಿಯುತ್ತದೆ, ಹಾಗಾಗಿ ಅಮ್ಮ ಮತ್ತು ನಾನು ನಮ್ಮ ಪಾಲನ್ನು ಫ್ಲ್ಯಾಟಿಗೆ ಹಾಕಿದೆವು. ತಮ್ಮ ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಾನೆ, ಅದಕ್ಕೆ ಮೂರು ವರ್ಷ ಸಮಯ ಇದೆ.

ಕೊಳ್ಳುವ ವಿಷಯದಲ್ಲಿ ಇದೇ ಕಂಪನಿಯ ಬೆಂಗಳೂರು ವಿಭಾಗಕ್ಕೂ ಹೇಳಿದ್ದೆವು. ಅದಕ್ಕೆ ಒಂದು ಸ್ಟಾರ್ ಕೊಡಲೂ ಮನಸ್ಸಾಗುವುದಿಲ್ಲ. ಜಾಹೀರಾತಿನಲ್ಲಿ ನೋಡಿ ಫೋನ್ ಮಾಡಿದ ಆರು ಫ್ಲ್ಯಾಟಿಗೂ ಒಂದೇ ಉತ್ತರ: 'ಅದು ನಿನ್ನೆ ಹೋಯ್ತು ಮೇಡಂ, ಅಂಥದ್ದೇ ಇನ್ನೊಂದಿದೆ.' 1,250 ಚದರಡಿ ಅಂತ ತೋರಿಸಿದ ಮನೆಗೆ ಟೇಪು ಹಿಡಿದರೆ ಗೋಡೆಯೊಳಗಿನ ಜಾಗ 870. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಅನುಮತಿ ಪತ್ರ ಕೇಳಿದರೆ, 'ಜನ ಆಗಲೇ ಇದ್ದಾರಲ್ಲ ಮೇಡಂ' ಅನ್ನುತ್ತಿದ್ದರು. ಓಸಿ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ಎರಡು ತಿಂಗಳು ಭಾನುವಾರಗಳನ್ನೆಲ್ಲ ಕಳೆದು ಬಿಟ್ಟುಬಿಟ್ಟೆವು. ಕೊನೆಗೆ ಫ್ಲ್ಯಾಟ್ ಸಿಕ್ಕಿದ್ದು ಆಫೀಸಿನ ಗೆಳತಿಯ ಪಕ್ಕದ ಮನೆಯವರಿಂದ, ಮಧ್ಯೆ ಯಾರೂ ಇಲ್ಲದೆ. ಓಸಿ ಇದೆ, ಲಿಫ್ಟ್ ಇದೆ, ಅಮ್ಮನ ರೂಮಿಗೆ ಬೆಳಿಗ್ಗೆ ಬಿಸಿಲೂ ಬರುತ್ತದೆ.

ಮಾರಾಟ ಮುಗಿದ ಮೇಲೆ ಕಂಪನಿಗೆ ನಾಲ್ಕು ಪುಟದ ಪತ್ರ ಬರೆದೆ. ಹಸಿರು ಟಿಕ್ ಹಾಕಿದ ದಿನಾಂಕ, ಬ್ಯಾಂಕ್ ವಕೀಲರ ಪಟ್ಟಿ, ನಾವು ಬಿಟ್ಟುಕೊಟ್ಟ 48,000ದ ಲೆಕ್ಕ ಎಲ್ಲಾ ಇಟ್ಟು, ಆ 48,000ವನ್ನು ಕಮಿಷನ್‌ನಲ್ಲಿ ಕಡಿಮೆ ಮಾಡಿ ಅಂತ ಕೇಳಿದೆ. ಮೂರು ವಾರ ಉತ್ತರ ಇಲ್ಲ. ಎರಡನೇ ಪತ್ರಕ್ಕೆ ಫೋನ್ ಬಂತು. 30,000 ವಾಪಸ್ ಮಾಡಿದ್ದಾರೆ, ಕಳೆದ ವಾರ ಖಾತೆಗೆ ಬಂದಿದೆ. ಪೂರ್ತಿ ಕೊಡಲಿಲ್ಲ, ಆದರೆ ಕೊಟ್ಟರು, ಅದನ್ನೂ ಹೇಳಬೇಕು. ಟಿಕ್ ಗುರುತಿನ ಬಗ್ಗೆ ಕೇಳಿದ್ದಕ್ಕೆ ಏನೂ ಹೇಳಲಿಲ್ಲ. ನಿನ್ನೆ ನೋಡಿದೆ, ಅದೇ ಬಡಾವಣೆಯ ಇನ್ನೊಂದು ಹಳೇ ಮನೆಯ ಫೋಟೋ ಪಕ್ಕ ಅದೇ ಟಿಕ್ ಇದೆ. ಆ ಮನೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವಾರವೇ 2004ಕ್ಕಿಂತ ಹಿಂದಿನ ಇಸಿಗೆ ಅರ್ಜಿ ಹಾಕಿ.