ಸೆಂಟರಿನ ಟೇಬಲ್ಲಾ, ಮನೆಯ ಬಚ್ಚಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಚ್ಚಲಿಗೇ.

ಆಟಿಸಂ ಇರುವ ನಮ್ಮ ಮಗನಿಗೆ ದಿನದ ಕೆಲಸ ಕಲಿಸಲು ಎರಡೂ ದಾರಿ ನೋಡಿದ್ದೇವೆ. ಒಂದು, ದಾವಣಗೆರೆಯ ಒಂದು ಸೆಂಟರಿನಲ್ಲಿ ಟೇಬಲ್ ಮುಂದೆ ಕೂರಿಸಿ ಮಾಡಿಸುವ ಎಬಿಎ, ಅಂದರೆ ಬಹುಮಾನ, ಹೊಗಳಿಕೆ ಕೊಟ್ಟು ನಡವಳಿಕೆ ಕಲಿಸುವ ಪದ್ಧತಿ. ಟೀಚರ್ ಹೇಳಿದ್ದನ್ನು ಮಾಡಿದರೆ ತಕ್ಷಣ ಬಹುಮಾನ, ಮತ್ತೆ ಅದೇ. ಇನ್ನೊಂದೂ ಎಬಿಎಯದೇ, ಆದರೆ ಮನೆಯಲ್ಲಿ: ಕೆಲಸವನ್ನು ತುಂಡು ತುಂಡು ಮಾಡಿ ಕೊನೆಯ ತುಂಡಿನಿಂದ ಹಿಂದಕ್ಕೆ ಕಲಿಸುವುದು. ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ.

ಹೆಸರು ಕರೆದರೆ ತಿರುಗುವುದು, ನೋಡಿ ಮಾಡುವುದು ಟೇಬಲ್ ಮುಂದೆಯೇ ಬೇಗ ಬಂತು. ತೊಂದರೆ ಬಂದಿದ್ದು ನೀರಿನ ಹತ್ತಿರ. ಸೆಂಟರಿನಲ್ಲಿ ಒತ್ತಿದರೆ ನೀರು ಬರುವ ನಲ್ಲಿ, ಅಲ್ಲಿ ಚೆನ್ನಾಗಿ ಕೈ ತೊಳೆಯುತ್ತಿದ್ದ. ನಮ್ಮ ಮನೆಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಿಂದ ಚೊಂಬಿನಲ್ಲಿ ಮೊಗೆದುಕೊಳ್ಳಬೇಕು. ಅವನು ಬಚ್ಚಲಿಗೆ ಬಂದು, ಗೋಡೆ ಕಡೆ ಕೈ ಚಾಚಿ, ಒತ್ತಲು ಏನೂ ಸಿಗದೆ ಸುಮ್ನೆ ನಿಂತುಬಿಡುತ್ತಿದ್ದ. "ಅಲ್ಲಿ ಬರುತ್ತೆ, ಇಲ್ಲಿ ಹಟ" ಎಂದರು ಅತ್ತೆ. ಹಟ ಅಲ್ಲ. ಇಂಥ ಮಕ್ಕಳಿಗೆ ಒಂದು ಕಡೆ ಕಲಿತಿದ್ದು ಇನ್ನೊಂದು ಕಡೆ ತಾನಾಗಿ ಬರುವುದು ಕಷ್ಟ. ಜಾಗ, ಸೋಪು, ಹೇಳುವವರ ದನಿ ಎಲ್ಲ ಸೇರಿಯೇ ಕಲಿತಿರುತ್ತಾರೆ. ಸೆಂಟರಿನಲ್ಲಿ ಕೇಳಿದರೆ, ಚಾರ್ಟಿನಲ್ಲಿ ಟಿಕ್ ಬಿದ್ದಿದೆ, ಅದು ಮುಗಿಯಿತು ಎಂದರು. ಸಿಟ್ಟು ಬಂತು. ಮಗು ಊಟಕ್ಕೆ ಕೂರುವುದು ಮನೆಯಲ್ಲಿ ಅಲ್ವಾ?

ಮನೆಯಲ್ಲಿ ನೀರು ಹಾಕುವುದು, ಸೋಪು ಉಜ್ಜಿಸುವುದು ನಾನು, ಟವೆಲ್ಲಿನಿಂದ ಒರೆಸಿಕೊಳ್ಳುವುದು ಮಾತ್ರ ಅವನು. ಅದು ಗಟ್ಟಿಯಾದ ಮೇಲೆ ನೊರೆ ತೊಳೆದುಕೊಳ್ಳುವುದೂ ಅವನದು. ಹೀಗೆ ಪ್ರತಿ ಸಲ ಕೆಲಸ ಮುಗಿಸುವವನು ಅವನೇ, ಶಹಬ್ಬಾಸ್ ಕೂಡ ಅವನಿಗೇ. ನನ್ನ ಸಹಾಯ ಮೊದಲು ಕೈ ಹಿಡಿದು, ಆಮೇಲೆ ಮೊಣಕೈ ಮುಟ್ಟಿ, ಆಮೇಲೆ ಬರೀ ಬೆರಳು ತೋರಿಸಿ. ನೊರೆ ಕೈಯಲ್ಲಿ ಚೊಂಬು ಜಾರುತ್ತಿತ್ತು, ಆ ಒಂದು ತುಂಡೇ ಜಾಸ್ತಿ ದಿನ ತಿಂದಿತು. ಹಿಡಿ ಇರುವ ಪ್ಲಾಸ್ಟಿಕ್ ಮಗ್ ತಂದ ಮೇಲೆ ಸರಿಹೋಯಿತು.

ಶರ್ಟಿನ ಗುಂಡಿಗೂ ಇದೇ ದಾರಿ. ಮಂಡಕ್ಕಿ ಅಂಗಡಿಯಲ್ಲಿ ಮೊದಲು ಕಲಿತಿದ್ದು ಪೊಟ್ಟಣ ಇಸಿದುಕೊಳ್ಳುವುದು, ಆಮೇಲೆ ದುಡ್ಡು ಕೊಡುವುದು. ಸರದಿ ಕಾಯುವುದು ಇನ್ನೂ ಬಂದಿಲ್ಲ.

ಖುಷಿಗೆ ಕೈ ಆಡಿಸಿದರೂ ಸೆಂಟರಿನಲ್ಲಿ ತಡೆಯುತ್ತಿದ್ದರು, ಅದು ನನಗೆ ಹಿಡಿಸಲಿಲ್ಲ.

ಇನ್ನು ದುಡ್ಡು. ಟೇಬಲ್ ಪದ್ಧತಿಗೆ ಹೆಸರು ತಂದ ಮನಶ್ಶಾಸ್ತ್ರಜ್ಞ ಲೋವಾಸ್ ಅವರ 1987ರ ಅಧ್ಯಯನದಲ್ಲಿ ಮಕ್ಕಳಿಗೆ ವಾರಕ್ಕೆ 40 ಗಂಟೆ ಪಾಠ. ಅಷ್ಟಕ್ಕೆ ಫೀಸು ಕಟ್ಟಲು ನಮ್ಮಂಥವರಿಗೆ ಆಗುವುದಿಲ್ಲ. ಆಟಿಸಂನಂಥ ತೊಂದರೆ ಇರುವವರಿಗೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಆದರೆ ಥೆರಪಿಗೆ ಅದರೊಳಗೇ ಮಿತಿ. ಬಚ್ಚಲಿಗಂತೂ ದಿನಾ ಹೋಗಲೇಬೇಕು, ಪಾಠಕ್ಕೆ ಬೇರೆ ಸಮಯ ಬೇಡ. ಈಗ ಸೆಂಟರಿಗೆ ವಾರಕ್ಕೊಮ್ಮೆ, ಮಾತು ಕಲಿಯಲು ಮಾತ್ರ ಹೋಗುತ್ತೇವೆ.