ಜಿಮ್ನೇಸಿಯಂ ಬಳಸಿ ನೋಡಿದೆ: ಗೋಡೆ ತಳ್ಳುವ ಗೊಂಬೆ

ಪ್ರೋಗ್ರಾಂ ತಾನಾಗೇ ಕಲಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಕಲಿಕೆ ಒಳಗೆ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಜಿಮ್ನೇಸಿಯಂ ಲೈಬ್ರರಿ, ಅಂದರೆ ಪ್ರೋಗ್ರಾಂ ಆಡಿ ಆಡಿ ಕಲಿಯಲಿ ಅಂತ ಮಾಡಿಟ್ಟ ಆಟಗಳ ಸಿದ್ಧ ಕೋಡ್. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು. ದುಡ್ಡು ಕೊಡಬೇಕಿಲ್ಲ. 2016ರಲ್ಲಿ ಓಪನ್‌ಎಐ ಹೊರತಂದ ‘ಜಿಮ್’ನ ಮುಂದುವರಿಕೆ ಇದು, 2022ರಿಂದ ಫರಾಮಾ ಫೌಂಡೇಶನ್ ನೋಡಿಕೊಳ್ಳುತ್ತಿದೆ. ಒಳಗೆ ಪುಟ್ಟ ಪುಟ್ಟ ಆಟಗಳು ಬೇಕಾದಷ್ಟಿವೆ, ಆದರೆ ನಾನು ದಿನಗಟ್ಟಲೆ ಕೂತದ್ದು ‘ಫ್ರೋಜನ್ ಲೇಕ್’ ಒಂದರಲ್ಲೇ.

ಹೆಪ್ಪುಗಟ್ಟಿದ ಕೆರೆ. 4 ಸಾಲು, ಸಾಲಿಗೆ 4 ಮನೆ, ಒಟ್ಟು 16. ನಾಲ್ಕು ಮನೆಯಲ್ಲಿ ಗುಂಡಿ. ಮೇಲಿನ ಎಡ ಮೂಲೆಯಿಂದ ಹೊರಟ ಗೊಂಬೆ ಕೆಳಗಿನ ಬಲ ಮೂಲೆಯ ಉಡುಗೊರೆ ಡಬ್ಬಿ ಮುಟ್ಟಿದರೆ 1 ಅಂಕ. ಬೇರೆ ಯಾವುದಕ್ಕೂ ಅಂಕ ಇಲ್ಲ, ಗುಂಡಿಗೆ ಬಿದ್ದರೆ ಆಟ ಮುಗಿಯಿತು ಅಷ್ಟೇ. 100 ಹೆಜ್ಜೆ ದಾಟಿದರೂ ಮುಗಿಯಿತು.

ಲೈಬ್ರರಿ ಕೊಡುವುದು ಆಟವನ್ನು ಮಾತ್ರ, ಕಲಿಸುವ ಕೋಡ್ ನಾವೇ ಬರೆಯಬೇಕು. ನನಗೆ ಇದೇ ತುಂಬಾ ಹಿಡಿಸಿತು. ನಾನು ಬರೆದದ್ದು ಕ್ಯೂ-ಲರ್ನಿಂಗ್, ಯಾವ ಮನೆಯಲ್ಲಿ ಯಾವ ಹೆಜ್ಜೆ ಎಷ್ಟು ಒಳ್ಳೆಯದು ಅಂತ ಅಂಕಿ ಇಟ್ಟು ಕಲಿಯುವ, ಕ್ರಿಸ್ ವಾಟ್ಕಿನ್ಸ್ 1989ರಲ್ಲಿ ಕೊಟ್ಟ ವಿಧಾನ. 16 ಮನೆ, ಮನೆಗೆ 4 ದಿಕ್ಕು, ಹೀಗೆ 64 ಅಂಕಿಗಳ ಒಂದು ಟೇಬಲ್. ಗೊಂಬೆ ತಾನಿರುವ ಮನೆಯ ಸಾಲು ನೋಡಿ ಅತಿ ದೊಡ್ಡ ಅಂಕಿ ಇರುವ ದಿಕ್ಕಿಗೆ ಹೆಜ್ಜೆ ಇಡುತ್ತದೆ. ಅದರ ‘ಬುದ್ಧಿ’ ಅಂದರೆ ಇಷ್ಟೇ.

ಮೊದಲ ಸಲ ಓಡಿಸಿದಾಗ ಗೊಂಬೆ ಎಡಗಡೆ ಗೋಡೆಯನ್ನು ತಳ್ಳುತ್ತಾ 100 ಹೆಜ್ಜೆ ಅಲ್ಲೇ ನಿಂತಿತ್ತು. ಮತ್ತೆ ಓಡಿಸಿದೆ, ಮತ್ತೆ ಅದೇ. ಟೇಬಲ್ ಪ್ರಿಂಟ್ ಮಾಡಿ ನೋಡಿದ ಮೇಲೆ ಗೊತ್ತಾಯಿತು, ಎಲ್ಲವೂ ಸೊನ್ನೆ! ಎಲ್ಲ ಸಮ ಇದ್ದಾಗ ಕೋಡ್ ಮೊದಲನೆಯದನ್ನೇ ಆರಿಸುತ್ತದೆ, ಇಲ್ಲಿ ಮೊದಲನೆಯದು ಎಡ. ಗೊತ್ತಿರುವುದನ್ನೇ ನಂಬಿ ನಡೆದರೆ ಹೊಸದೇನೂ ಸಿಗುವುದಿಲ್ಲ, ಅದಕ್ಕೇ ಎಪ್ಸಿಲಾನ್ ಬೇಕು: ಶುರುವಿನಲ್ಲಿ ಸುಮ್ನೆ ಕಂಡ ಕಡೆ ಹೆಜ್ಜೆ ಹಾಕಿಸಿ, ಆಮೇಲೆ ನಿಧಾನಕ್ಕೆ ಅದನ್ನು ಕಡಿಮೆ ಮಾಡುತ್ತಾ ಬರುವುದು.

ಅಲೆದಾಡಿ ಅಲೆದಾಡಿ ಕೊನೆಗೊಮ್ಮೆ ಡಬ್ಬಿ ಸಿಕ್ಕಿತು. ಆಗ ಬದಲಾದದ್ದು ಒಂದೇ ಒಂದು ಅಂಕಿ: ಡಬ್ಬಿಯ ಪಕ್ಕದ ಮನೆಯಲ್ಲಿ ‘ಬಲ’ದ ಕೆಳಗೆ 0.1. ಲರ್ನಿಂಗ್ ರೇಟ್ (ಒಂದು ಸಲಕ್ಕೆ ಅಂಕಿ ಎಷ್ಟು ಬದಲಾಗಬೇಕು ಅನ್ನುವುದು) 0.1, ಗಾಮಾ (ಮುಂದಿನ ಮನೆಯ ಅಂಕಿಯಲ್ಲಿ ಎಷ್ಟು ಪಾಲು ಹಿಂದಿನ ಮನೆಗೆ ಲೆಕ್ಕ ಅನ್ನುವುದು) 0.9 ಇಟ್ಟಿದ್ದೆ. ಮುಂದಿನ ಸಲ ಆ ಮನೆಗೆ ಮೇಲಿನಿಂದ ಇಳಿದಾಗ ಮೇಲಿನ ಮನೆಗೆ 0.1 × 0.9 × 0.1, ಅಂದರೆ 0.009 ಬಂತು. ಹೀಗೆ ಅಂಕಿಗಳು ಡಬ್ಬಿಯಿಂದ ಹಿಂದಕ್ಕೆ, ಮನೆಯಿಂದ ಮನೆಗೆ, ಒದ್ದೆ ಹರಡಿದ ಹಾಗೆ ಹರಡುತ್ತಾ ಹೊರಟ ಜಾಗಕ್ಕೆ ಬಂದು ಮುಟ್ಟುತ್ತವೆ. ಸಾವಿರಾರು ಆಟ ಆದ ಮೇಲೆ ಶುರುವಿನ ಮನೆಯಲ್ಲಿ 0.59 ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು. ಆರು ಹೆಜ್ಜೆಯ ದಾರಿ, ಕೊನೆಯ ಹೆಜ್ಜೆಗೆ ಪೂರ್ತಿ 1, ಹಿಂದೆ ಬಂದಂತೆ ಐದು ಸಲ 0.9ರಿಂದ ಗುಣಿಸಿದರೆ ಅದೇ ಅಂಕಿ.

ಅಂಕ ಕೊಡುವ ರೀತಿಯನ್ನೂ ಒಮ್ಮೆ ಬದಲಿಸಿ ನೋಡಿ. ಗುಂಡಿಗೆ ಬೀಳದೆ ಇಟ್ಟ ಪ್ರತಿ ಹೆಜ್ಜೆಗೂ 0.2 ಕೊಟ್ಟೆ, ಪ್ರೋತ್ಸಾಹ ಆಗಲಿ ಅಂತ. ಕಲಿತ ಗೊಂಬೆ ಡಬ್ಬಿಯ ಪಕ್ಕಕ್ಕೇ ಬಂದರೂ ಮುಟ್ಟಲಿಲ್ಲ, ಮುಟ್ಟಿದರೆ ಆಟ ಮುಗಿದು ಅಂಕ ನಿಂತುಹೋಗುತ್ತದಲ್ವಾ. ನಾನು ಕೇಳಿದ್ದನ್ನೇ ಅದು ಮಾಡಿತು, ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಜಾರಾಟ (ಗೊಂಬೆ ಹೇಳಿದ ದಿಕ್ಕು ಬಿಟ್ಟು ಬೇರೆ ಕಡೆ ಜಾರುವುದು) ಆಫ್ ಮಾಡಿ ಆಡಿದ್ದು. ಅದು ಮೊದಲೇ ಆನ್ ಇರುತ್ತದೆ, ಹೊಸಬರು ಆಫ್ ಮಾಡಿಯೇ ಶುರು ಮಾಡಿ. ಇನ್ನೊಂದು, ಹಳೆಯ ಪಾಠಗಳ ಕೋಡ್ ಹಾಗೇ ಕಾಪಿ ಮಾಡಬೇಡಿ. ಗೊಂಬೆಗೆ ಒಂದು ಹೆಜ್ಜೆ ಹಾಕಿಸುವ ‘ಸ್ಟೆಪ್’ ಅನ್ನುವ ಫಂಕ್ಷನ್ ಮೊದಲು ನಾಲ್ಕು ಉತ್ತರ ಕೊಡುತ್ತಿತ್ತು, ಈಗ ಐದು.

ಜಾರಾಟ ಆನ್ ಮಾಡಿದರೆ ಹೇಳಿದ ದಿಕ್ಕಿಗೆ ಹೋಗುವುದು ಮೂರರಲ್ಲಿ ಒಂದು ಸಲ ಮಾತ್ರ, ಉಳಿದ ಎರಡು ಸಲ ಅಕ್ಕಪಕ್ಕಕ್ಕೆ ಜಾರುತ್ತದೆ. ಚೆನ್ನಾಗಿ ಕಲಿತ ಮೇಲೂ ಕೆಲವು ಆಟ ಸೋಲುತ್ತದೆ. ಆದರೆ ಶುರುವಿನ ಮನೆಯ ಕೆಳಗಿನ ಮನೆ ನೋಡಿ, ಸೊನ್ನೆಯಿಂದ ಎಣಿಸಿದರೆ 4ನೇ ನಂಬರು. ಅದರ ಬಲಕ್ಕೆ ಗುಂಡಿ, ಎಡಕ್ಕೆ ಗೋಡೆ. ಕಲಿತ ಗೊಂಬೆ ಇಲ್ಲಿ ಮತ್ತೆ ಎಡಗಡೆ ಗೋಡೆಯನ್ನೇ ತಳ್ಳುತ್ತದೆ! ಮೊದಲ ದಿನದ ಹಾಗೇ ಕೆಟ್ಟಿದೆ ಅಂದುಕೊಂಡು ಕೋಡ್ ತಿದ್ದಲು ಹೊರಟಿದ್ದೆ. ಲೆಕ್ಕ ಹಾಕಿದರೆ ಅದೇ ಸರಿ: ಎಡಕ್ಕೆ ತಳ್ಳಿದರೆ ಅಲ್ಲೇ ಉಳಿಯುತ್ತದೆ, ಇಲ್ಲ ಮೇಲಕ್ಕೆ ಅಥವಾ ಕೆಳಕ್ಕೆ ಜಾರುತ್ತದೆ, ಗುಂಡಿಗಂತೂ ಬೀಳುವುದೇ ಇಲ್ಲ. ಬೇರೆ ಯಾವ ದಿಕ್ಕು ಆರಿಸಿದರೂ ಮೂರರಲ್ಲಿ ಒಂದು ಸಲ ಗುಂಡಿ. ಯಾರೂ ಹೇಳಿಕೊಡದೆ ಅದು ಇದನ್ನು ಕಂಡುಕೊಂಡಿತ್ತು.

ನೀವೂ ಮಾಡಿದರೆ ಗೊಂಬೆಯನ್ನಷ್ಟೇ ನೋಡುತ್ತಾ ಕೂರಬೇಡಿ, 4ನೇ ಮನೆಯ ಸಾಲು ಪ್ರಿಂಟ್ ಮಾಡಿ. ನಾಲ್ಕೂ ಸೊನ್ನೆ ಇದ್ದರೆ ಅದಕ್ಕಿನ್ನೂ ಏನೂ ಗೊತ್ತಿಲ್ಲ. ಎಡದ ಅಂಕಿ ಉಳಿದ ಮೂರಕ್ಕಿಂತ ದೊಡ್ಡದಿದ್ದರೆ ಗೋಡೆ ತಳ್ಳಲು ಬಿಡಿ.