ಹಳೇ ಸ್ಪೀಕರ್‌ಗೆ ಹೊಸ ವೂಫರ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿ ಎಂಬತ್ತು, ತೊಂಬತ್ತರ ದಶಕದ ಸ್ಟೀರಿಯೋ ಇಟ್ಟುಕೊಂಡವರಿಗೆ, ಅದರ ವೂಫರ್ (ಬೇಸ್ ಸದ್ದು ಕೊಡುವ ದೊಡ್ಡ ಸ್ಪೀಕರ್) ಹಾಳಾಗಿದೆ ಎಂದು ರಿಪೇರಿಗೆ ಕೊಡಲು ಹೊರಟವರಿಗೆ ಈ ಬರಹ. "ಎಂಟು ಇಂಚಿನದು ತಾನೇ, ಯಾವುದಾದ್ರೂ ಎಂಟು ಇಂಚು ಹಾಕಿದ್ರಾಯ್ತು" ಅಂತ ಯಾರಾದರೂ ಹೇಳಿದರೆ ಬಾಕ್ಸ್ ಎತ್ತಿಕೊಂಡು ವಾಪಸ್ ಬನ್ನಿ. ಅಂಥ ಒಂದು ಮಾತಿನಿಂದ ನಮ್ಮ ದೊಡ್ಡಪ್ಪನ ಒಳ್ಳೆಯ ವೂಫರ್‌ಗಳು ಗುಜರಿ ಸೇರಿದವು. ಬಾಕ್ಸ್‌ನ ಮರ ಕತ್ತರಿಸಿಹೋಯಿತು. ಕೊನೆಗೆ ಆಂಪ್ಲಿಫೈಯರ್ ಕೂಡ ಸುಟ್ಟಿತು.

ದೊಡ್ಡಪ್ಪ ಇರುವುದು ಮೈಸೂರಿನಲ್ಲಿ. ಕೆಲಸದಲ್ಲಿದ್ದಾಗ ಕಂತಿನ ಮೇಲೆ ಕೊಂಡ ಸೆಟ್ ಅದು. ಎಂಟು ಇಂಚಿನ ವೂಫರ್, ತೀಕ್ಷ್ಣ ಸದ್ದಿಗೆ ಒಂದು ಟ್ವೀಟರ್, ಎಲ್ಲ ಕಡೆ ಮುಚ್ಚಿದ ಬಾಕ್ಸ್, ಮೇಲೆ ತೇಗದ ವೆನಿಯರ್. ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿಕೊಂಡು ಕೂತರೆ ಕಾಫಿ ಆರಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೋದ ವರ್ಷ ಹಾಡಿನ ಜೊತೆ 'ಜರ್ರ್' ಅಂತ ಇನ್ನೊಂದು ಸದ್ದು ಬರಲು ಶುರುವಾಯಿತು. ಮುಂದಿನ ಬಟ್ಟೆಯ ಜಾಲರಿ ತೆಗೆದು ನೋಡಿದರೆ ಅದುರಿ ಸದ್ದು ಮಾಡುವ ಕೋನ್‌ನ ಸುತ್ತಲಿನ ಫೋಮ್ ಅಂಚು ಪುಡಿಪುಡಿಯಾಗಿ ಉದುರುತ್ತಿತ್ತು. ಮುಟ್ಟಿದರೆ ಬೆರಳಿಗೆ ಕಪ್ಪು ಅಂಟು.

ಅವರು ಎರಡೂ ಬಾಕ್ಸ್ ಆಟೋದಲ್ಲಿ ಹಾಕಿಕೊಂಡು ಸ್ಪೀಕರ್ ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಹೋದರು. ಅಂಗಡಿಯವರು ಟಾರ್ಚ್ ಬಿಟ್ಟು ನೋಡಿದರು, ಅಷ್ಟೇ. ಮೀಟರ್ ಹಚ್ಚಲಿಲ್ಲ, ಕೋನ್ ಒತ್ತಿ ನೋಡಲಿಲ್ಲ. "ವೂಫರ್ ಹೋಗಿದೆ ಸಾರ್, ಇದರ ಪಾರ್ಟ್ ಈಗ ಸಿಗಲ್ಲ. 300 ವ್ಯಾಟ್‌ದು ಹಾಕ್ಕೊಡ್ತೀನಿ, ಮನೆ ಅದುರುತ್ತೆ" ಅಂದರು. ಎರಡು ವೂಫರ್, ಕೂಲಿ ಎಲ್ಲ ಸೇರಿ 4,800 ರೂಪಾಯಿ. ಪಿಂಚಣಿಯಲ್ಲಿ ಬದುಕುವ ಮನುಷ್ಯನಿಗೆ ಅದು ಸಣ್ಣ ಮೊತ್ತವಲ್ಲ.

ವಾಪಸ್ ಬಂದಿದ್ದು ಕಾರಿಗೆ ಹಾಕುವ ಸಬ್‌ವೂಫರ್ ಜೋಡಿ. ದಪ್ಪ ರಬ್ಬರ್ ಅಂಚು, ಭಾರದ ಕೋನ್, ಹಿಂದೆ ಇಷ್ಟು ದೊಡ್ಡ ಮ್ಯಾಗ್ನೆಟ್. ಹಳೆಯ ತೂತಿಗೆ ಅದು ಕೂರಲಿಲ್ಲವಂತೆ. ಅದಕ್ಕೆ ಗರಗಸ ಹಚ್ಚಿ ಮುಂದಿನ ಹಲಗೆಯನ್ನೇ ಅಗಲ ಮಾಡಿದ್ದರು. ಕತ್ತರಿಸಿದ್ದು ವಕ್ರವಾಗಿ, ಒಂದು ಕಡೆ ಬೆರಳು ತೂರುವಷ್ಟು ಸಂದಿ. ಒಳಗೆ ತುಂಬಿದ್ದ ಗ್ಲಾಸ್‌ವೂಲ್ ಕಾಣೆ. ಹಳೇ ವೂಫರ್ ಕೇಳಿದರೆ "ಅಯ್ಯೋ, ಅದನ್ನ ಅವತ್ತೇ ಗುಜರಿಗೆ ಹಾಕಿಬಿಟ್ವಿ ಸಾರ್" ಎಂಬ ಉತ್ತರ.

ಸದ್ದು ಹೇಗಿತ್ತು ಅಂದರೆ, ಮನ್ಸೂರರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದ ಹಾಗೆ. ತಬಲಾದ ಎಡಗೈ ಮಾತ್ರ ಧುಂ ಧುಂ ಅನ್ನುತ್ತಿತ್ತು. ಸದ್ದೇ ಸಾಲದು ಅಂತ ದೊಡ್ಡಪ್ಪ ವಾಲ್ಯೂಮ್ ಜಾಸ್ತಿ ಮಾಡುತ್ತಾ ಹೋದರು. ಒಂದು ಸಂಜೆ ಆಂಪ್‌ನಿಂದ ಸುಟ್ಟ ವಾಸನೆ ಬಂತು, ಎಡಗಡೆ ಚಾನೆಲ್ ನಿಂತೇಹೋಯಿತು.

ಆಂಪ್ ರಿಪೇರಿಗೆ ಬಂದ ಹಿರಿಯ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ಸ್ಪೀಕರ್ ವೈರಿಗೆ ಮಲ್ಟಿಮೀಟರ್ ಹಿಡಿದಿದ್ದು. ಅದು ಮೂರು ಚಿಲ್ಲರೆ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ತೋರಿಸಿತು. ಆಂಪ್ ಹಿಂದೆಯೇ 8 ಓಮ್ ಎಂದು ಬರೆದಿತ್ತು. ಹಾಕಿದ್ದು 4 ಓಮ್ ವೂಫರ್. ಲೆಕ್ಕ ಸುಲಭ. ಆಂಪ್ 20 ವೋಲ್ಟ್ ಕೊಡುತ್ತಿದೆ ಅಂದುಕೊಳ್ಳಿ. 8 ಓಮ್ ಇದ್ದರೆ 2.5 ಆಂಪಿಯರ್ ಹರಿಯುತ್ತದೆ, 4 ಓಮ್ ಇದ್ದರೆ 5 ಆಂಪಿಯರ್. ಎರಡರಷ್ಟು ಕರೆಂಟು. ಇಂಥ ಹಳೇ ಆಂಪ್‌ಗಳ ಟ್ರಾನ್ಸಿಸ್ಟರ್, ಅದರ ಹೀಟ್‌ಸಿಂಕ್, ಟ್ರಾನ್ಸ್‌ಫಾರ್ಮರ್ ಎಲ್ಲ 8 ಓಮ್‌ಗೆ ಅಂತಲೇ ಅಳತೆ ಮಾಡಿ ಹಾಕಿದ್ದು. ದೊಡ್ಡಪ್ಪನ ಆಂಪ್‌ನಲ್ಲಿ ಇದ್ದದ್ದು 2ಎನ್3055 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರ್. ಪುಣ್ಯಕ್ಕೆ ಅದು ಈಗಲೂ ಸಿಗುತ್ತದೆ. ಎಸ್‌ಟಿಕೆ ಐಸಿ (ಪವರ್ ಭಾಗವೆಲ್ಲ ಒಂದೇ ತುಂಡಿನಲ್ಲಿರುವ ಚಿಪ್) ಇರುವ ಆಂಪ್ ಆಗಿದ್ದರೆ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಮಾರುಕಟ್ಟೆಯಲ್ಲಿ ನಕಲಿ ಎಸ್‌ಟಿಕೆಗಳೇ ತುಂಬಿವೆ.

ಆ ಮೆಕ್ಯಾನಿಕ್ ಕೇಳಿದ ಒಂದು ಪ್ರಶ್ನೆಯೇ ನನಗೆ ಬಹಳ ನೋವು ಕೊಟ್ಟಿದ್ದು. "ಹಳೇ ವೂಫರ್‌ನಲ್ಲಿ ಸದ್ದು ಬರ್ತಿತ್ತಾ?" ಬರುತ್ತಿತ್ತು. ಎರಡರಲ್ಲೂ ಬರುತ್ತಿತ್ತು, ಜರ್ರ್ ಅನ್ನುವುದು ಬಿಟ್ಟರೆ. "ಹಂಗಾದ್ರೆ ಕಾಯಿಲ್ ಚೆನ್ನಾಗೇ ಇತ್ತು ಕಣ್ರೀ. ಅಂಚು ಮಾತ್ರ ಹೋಗಿತ್ತು." ಕಾಯಿಲ್ ಅಂದರೆ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಕೂತು ಕೋನ್ ಆಡಿಸುವ ತಂತಿ ಸುರುಳಿ.

ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಆ ಕಾಲದ ಬಹಳಷ್ಟು ವೂಫರ್‌ಗಳ ಅಂಚು ಪಾಲಿಯುರೆಥೇನ್ ಫೋಮ್. ಗಾಳಿಯ ತೇವ ಮತ್ತು ಬಿಸಿಗೆ ಅದು ತಾನಾಗಿ ಕೊಳೆಯುತ್ತದೆ. ನೀವು ಸ್ಪೀಕರ್ ಹಾಕಿದರೂ ಕೊಳೆಯುತ್ತದೆ, ಬಟ್ಟೆ ಹೊದಿಸಿ ಇಟ್ಟರೂ ಕೊಳೆಯುತ್ತದೆ. ಹತ್ತು–ಇಪ್ಪತ್ತು ವರ್ಷಕ್ಕೆ ಉದುರುವುದು ಮಾಮೂಲಿ. ಮಂಗಳೂರು, ಉಡುಪಿ ಕಡೆಯ ಹವೆಗಂತೂ ಇನ್ನೂ ಬೇಗ. ಮ್ಯಾಗ್ನೆಟ್‌ಗೆ, ಕೋನ್‌ಗೆ, ಕಾಯಿಲ್‌ಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಬೇಕಾಗಿರುವುದು ಹೊಸ ಫೋಮ್ ರಿಂಗ್ ಒಂದೇ. ಅದರ ಬೆಲೆ ಕೆಲವು ನೂರು ರೂಪಾಯಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ನಡುಭಾಗದ ಹತ್ತಿರ ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಒಳಗೆ ಕರಕರ ಅಂತ ಉಜ್ಜುವುದು ಗೊತ್ತಾಗದಿದ್ದರೆ ಕಾಯಿಲ್ ಸೊಟ್ಟಗಾಗಿಲ್ಲ. ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ವೂಫರ್ ಸಾಮಾನ್ಯವಾಗಿ ಐದೂವರೆಯಿಂದ ಏಳರೊಳಗೆ ತೋರಿಸುತ್ತದೆ. 4 ಓಮ್‌ದು ಮೂರರಿಂದ ಮೂರೂವರೆ, ಕೆಲವೊಮ್ಮೆ ಸ್ವಲ್ಪ ಮೇಲೆ. ಮೀಟರ್ ಏನೂ ತೋರಿಸದಿದ್ದರೆ ಮಾತ್ರ ಕಾಯಿಲ್ ಕಟ್ ಆಗಿರಬಹುದು. ಆಗಲೂ ಕೋನ್ ಮೇಲಿನ ಸಣ್ಣ ವೈರ್‌ನ ಬೆಸುಗೆ ಬಿಟ್ಟಿದೆಯೇ ನೋಡಿ, ಎಷ್ಟೋ ಸಲ ಅಷ್ಟೇ ಆಗಿರುತ್ತದೆ.

ಫೋಮ್ ಹಾಕುವವರು ಇದ್ದಾರೆ. ನಮ್ಮ ಊರುಗಳಲ್ಲಿ ಮೈಕ್‌ಸೆಟ್‌ನವರ ಸ್ಪೀಕರ್‌ಗೆ ಕೋನ್ ಕಟ್ಟುವವರನ್ನು ಕೇಳಿ, ಅವರಿಗೆ ಕೈಚಳಕ ಇರುತ್ತದೆ. ಆದರೆ ಹೇಗೆ ಹಾಕುತ್ತೀರಿ ಎಂದು ಮೊದಲೇ ವಿಚಾರಿಸಿ. ಕಾಯಿಲ್ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಸರಿಯಾಗಿ ನಡುವೆ ನಿಲ್ಲಬೇಕು. ಅದಕ್ಕೆ ಕೋನ್ ನಡುವಿನ ಸಣ್ಣ ಮುಚ್ಚಳ (ಡಸ್ಟ್ ಕ್ಯಾಪ್) ಬಿಚ್ಚಿ, ಕಾಯಿಲ್ ಸುತ್ತ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿದ ಪಟ್ಟಿಗಳನ್ನು ಇಟ್ಟು, ಆಮೇಲೆ ಅಂಟು ಹಾಕಿ, ಒಣಗಲು ಒಂದು ರಾತ್ರಿ ಬಿಡಬೇಕು. ಅರ್ಧ ಗಂಟೆಯಲ್ಲಿ ಕ್ವಿಕ್ ಗಮ್ ಹಾಕಿ ಕೊಡುತ್ತೇನೆ ಎನ್ನುವವರ ಹತ್ತಿರ ಬೇಡ. ಫೋಮ್ ಬದಲು ದಪ್ಪ ರಬ್ಬರ್ ಅಂಚು ಗಟ್ಟಿ ಅಂತ ಕೆಲವರು ಹೇಳುತ್ತಾರೆ. ಗಟ್ಟಿ ಹೌದು, ಆದರೆ ಮೊದಲಿದ್ದ ಸಡಿಲ ಹೋಗುತ್ತದೆ. ಮುಚ್ಚಿದ ಬಾಕ್ಸ್‌ಗೆ ಆ ಸಡಿಲವೇ ಜೀವ.

ಈ ಮುಚ್ಚಿದ ಬಾಕ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬುವರು ತಮ್ಮ ಎಆರ್-1 ಸ್ಪೀಕರ್‌ನಲ್ಲಿ ಈ ಉಪಾಯ ತಂದರು. ವೂಫರ್‌ನ ಅಂಚು, ಕಾಯಿಲನ್ನು ನಡುವೆ ಹಿಡಿದಿಡುವ ಸ್ಪೈಡರ್ ಎಲ್ಲ ತುಂಬ ಸಡಿಲ ಇಟ್ಟು, ಬಾಕ್ಸ್‌ನೊಳಗಿನ ಗಾಳಿಯೇ ಸ್ಪ್ರಿಂಗ್ ಆಗುವಂತೆ ಮಾಡಿದರು. ಸಣ್ಣ ಬಾಕ್ಸ್‌ನಿಂದ ಆಳವಾದ ಬೇಸ್ ಬಂದಿದ್ದು ಹಾಗೆ. ಅಂದರೆ ವೂಫರ್ ಮತ್ತು ಬಾಕ್ಸ್ ಒಂದಕ್ಕೊಂದು ಲೆಕ್ಕ ಹಾಕಿ ಕೂಡಿಸಿದ ಜೋಡಿ. ಒಂದು ಕಡೆ ಗಾಳಿ ಸೋರಿದರೂ ಲೆಕ್ಕ ತಪ್ಪಿತು.

ಆ ಲೆಕ್ಕವನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಸೂತ್ರಗಳಾಗಿ ಬರೆದರು. ಒಳ್ಳೆಯ ವೂಫರ್‌ನ ಕಾಗದದಲ್ಲಿ ಅವರಿಬ್ಬರ ಹೆಸರಿನ ಅಂಕಿಗಳು ಇರುತ್ತವೆ. ನಮಗೆ ಬೇಕಾದವು ಮೂರು: ಎಫ್‌ಎಸ್ (ಕೋನ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ, ಹರ್ಟ್ಜ್‌ನಲ್ಲಿ), ಕ್ಯೂಟಿಎಸ್ (ಆ ಅದುರಾಟ ಎಷ್ಟು ಬೇಗ ಹತೋಟಿಗೆ ಬರುತ್ತದೆ), ವಿಎಎಸ್ (ಕೋನ್‌ನ ಸಡಿಲಕ್ಕೆ ಸಮನಾದ ಗಾಳಿಯ ಅಳತೆ, ಲೀಟರ್‌ನಲ್ಲಿ). ಹೆದರಬೇಡಿ, ಕ್ಯಾಲ್ಕುಲೇಟರ್ ಸಾಕು. ನಿಮ್ಮ ಬಾಕ್ಸ್‌ನ ಒಳಗಿನ ಅಳತೆ 25 ಲೀಟರ್ ಇದೆ ಅನ್ನಿ. ವೂಫರ್‌ನ ವಿಎಎಸ್ 50 ಲೀಟರ್. ಐವತ್ತನ್ನು ಇಪ್ಪತ್ತೈದರಿಂದ ಭಾಗಿಸಿ, ಒಂದು ಕೂಡಿಸಿ, ಮೂರು ಬಂತು. ಅದರ ವರ್ಗಮೂಲ 1.73. ಇದನ್ನು ಕ್ಯೂಟಿಎಸ್‌ನಿಂದ ಗುಣಿಸಿ. ಕ್ಯೂಟಿಎಸ್ 0.4 ಇದ್ದರೆ 0.69 ಬರುತ್ತದೆ. 0.7ರ ಆಸುಪಾಸು ಬಂದರೆ ಬೇಸ್ ಹದವಾಗಿರುತ್ತದೆ. ಅದೇ ಕ್ಯೂಟಿಎಸ್ 0.7 ಇರುವ ವೂಫರ್ ಹಾಕಿದರೆ 1.2 ಆಗುತ್ತದೆ, ಆಗ ಎಲ್ಲ ಹಾಡಿಗೂ ಒಂದೇ ಧುಂ ಧುಂ. ಹಾಗೆಯೇ ಎಫ್‌ಎಸ್ 30 ಹರ್ಟ್ಜ್ ಇರುವ ವೂಫರ್ ಈ ಬಾಕ್ಸ್‌ನಲ್ಲಿ ಕೂತರೆ ಅದು ಅದೇ 1.73 ಪಟ್ಟಾಗಿ 52 ಹರ್ಟ್ಜ್‌ಗೆ ಏರುತ್ತದೆ. ಮೊದಲೇ 60 ಇದ್ದರೆ ನೂರು ದಾಟುತ್ತದೆ, ಬೇಸ್ ಅನ್ನೋದೇ ಉಳಿಯಲ್ಲ. ಅದಕ್ಕೇ ಮೈಕ್‌ಸೆಟ್‌ನ ವೂಫರ್ ಮನೆಯ ಬಾಕ್ಸ್‌ಗೆ ಬೇಡ ಅನ್ನುವುದು. ಅದರ ಕೆಲಸ ಬಯಲಲ್ಲಿ ದೂರಕ್ಕೆ ಕೇಳಿಸುವುದು. ಬಾಕ್ಸ್‌ನಲ್ಲಿ ಪೈಪ್ ಅಥವಾ ತೂತು ಇದ್ದರೆ ಲೆಕ್ಕ ಬೇರೆ. ಅದಕ್ಕೆ ಕ್ಯೂಟಿಎಸ್ 0.3ರಿಂದ 0.4ರ ಒಳಗಿನದು ಸಾಮಾನ್ಯವಾಗಿ ಹೊಂದುತ್ತದೆ.

ಈ ಮೂರು ಅಂಕಿ ಕೊಡದ ವೂಫರ್ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಮ್ಯಾಗ್ನೆಟ್ ಮೇಲಿನ 300 ವ್ಯಾಟ್, 500 ವ್ಯಾಟ್ ಚೀಟಿಗೆ ಬೆಲೆಯೇ ಇಲ್ಲ. ದೊಡ್ಡಪ್ಪನ ಆಂಪ್ ಕೊಡುವುದೇ ಚಾನೆಲ್‌ಗೆ ಮೂವತ್ತು ವ್ಯಾಟ್, ಅದರ ಮುಂದೆ 300 ತಗೊಂಡು ಏನು ಮಾಡೋದು? ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಇಷ್ಟು ಪವರ್‌ಗೆ ಎಷ್ಟು ಸದ್ದು ಬರುತ್ತದೆ ಎಂಬುದು. ಹಳೇ ವೂಫರ್ 90 ಡೆಸಿಬೆಲ್ ಇದ್ದು ಹೊಸದು 84 ಇದ್ದರೆ, ಅಷ್ಟೇ ಸದ್ದಿಗೆ ನಾಲ್ಕರಷ್ಟು ಪವರ್ ಬೇಕು. ವಾಲ್ಯೂಮ್ ಏರಿಸುತ್ತಾ ಹೋಗಿದ್ದು ಅದಕ್ಕೇ. ಟ್ವೀಟರ್ ಮಾತ್ರ ಹಳೆಯದೇ ಆದ್ದರಿಂದ ಅದು ಕಿರುಚುತ್ತದೆ, ವೂಫರ್ ಹಿಂದೆ ಬೀಳುತ್ತದೆ.

ಇನ್ನೊಂದು ಮಾತು. ಎರಡೇ ಸ್ಪೀಕರ್ ಇರುವ ಬಾಕ್ಸ್‌ನಲ್ಲಿ ವೂಫರ್ ಎರಡು–ಮೂರು ಸಾವಿರ ಹರ್ಟ್ಜ್‌ವರೆಗೂ ಹಾಡಬೇಕು. ಮನುಷ್ಯನ ದನಿಯ ಬಹುಭಾಗ ಅಲ್ಲೇ ಇರುವುದು. ಕಾರಿನ ಸಬ್‌ವೂಫರ್‌ನ ಕೆಲಸ ಕೆಲವು ನೂರು ಹರ್ಟ್ಜ್‌ಗೆ ಮುಗಿಯುತ್ತದೆ. ಮೇಲಿನದೆಲ್ಲ ಅದರ ಭಾರದ ಕೋನ್‌ನಲ್ಲಿ ಸತ್ತುಹೋಗುತ್ತದೆ. ಹಾಡುಗಾರರ ಸ್ಪಷ್ಟತೆ ಹೋಗಿದ್ದು ಇದೇ ಕಾರಣಕ್ಕೆ. ಸದ್ದನ್ನು ವೂಫರ್‌ಗೆ, ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್‌ನ ಕಾಯಿಲ್, ಕೆಪಾಸಿಟರ್ ಕೂಡ 8 ಓಮ್‌ಗೆ ಅಂತಲೇ ಲೆಕ್ಕ ಹಾಕಿದ್ದು, 4 ಓಮ್ ಹಾಕಿದರೆ ಅದೂ ಹಳಿ ತಪ್ಪುತ್ತದೆ. ಅಂದ ಹಾಗೆ, ಬಾಕ್ಸ್ ಬಿಚ್ಚಿದಾಗ ಆ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಅದೇ ಮೌಲ್ಯದ, ಧ್ರುವ ಇಲ್ಲದವುಗಳಿಂದ ಬದಲಿಸಿಬಿಡಿ. ಖರ್ಚು ಕಡಿಮೆ, ಲಾಭ ಜಾಸ್ತಿ.

ಕಾಯಿಲ್ ನಿಜವಾಗಿಯೂ ಸುಟ್ಟಿದ್ದರೂ ನೇರ ಹೊಸ ವೂಫರ್‌ಗೆ ಹಾರಬೇಡಿ. ನಾನಾದರೆ ಮೊದಲು ಅದೇ ಮಾಡೆಲ್‌ನ ಹಳೇ ವೂಫರ್ ಹುಡುಕುತ್ತೇನೆ, ಫೋಮ್ ಹೋಗಿದ್ದರೂ ಚಿಂತೆಯಿಲ್ಲ. ಹಳೇ ವೂಫರ್‌ನ ಹಿಂದೆ ತಯಾರಕರ ಹೆಸರು, ನಂಬರ್ ಇರುತ್ತದೆ, ಫೋಟೋ ತೆಗೆದಿಟ್ಟುಕೊಳ್ಳಿ. ಹುಡುಕಲು ಬ್ರಾಂಡ್ ಹೆಸರಿಗಿಂತ ಆ ನಂಬರ್ ಉಪಯೋಗ. ಸಿಗದಿದ್ದರೆ ಅದೇ ಅಳತೆಯ ಕಾಯಿಲ್ ಹಾಕಿಸಿ ಕೋನ್ ಕಟ್ಟಿಸುವುದು. ಅದೂ ಆಗದಿದ್ದರೆ ಮಾತ್ರ ಹೊಸದು, ಎರಡೂ ಬಾಕ್ಸ್‌ಗೆ ಒಂದೇ ಸಲ. ತೂತಿನ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆದುಕೊಂಡು ಹೋಗಿ. ಎಂಟು ಇಂಚು ಅಂತ ಮಾರುವ ವೂಫರ್‌ಗಳ ಚೌಕಟ್ಟು, ಸ್ಕ್ರೂ ತೂತು ಒಂದೊಂದರದು ಒಂದೊಂದು ಥರ. ಕೂರದಿದ್ದರೆ ಬಡಗಿಯ ಹತ್ತಿರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಮಾಡಿಸಿ, ಹಲಗೆಗೆ ಗರಗಸ ತಾಗಿಸಲು ಬಿಡಬೇಡಿ.

ಅಂಗಡಿಗೆ ಕೊಡುವಾಗ "ಹಳೇ ವೂಫರ್ ವಾಪಸ್ ಕೊಡಬೇಕು, ಮರ ಕತ್ತರಿಸಬಾರದು, 8 ಓಮ್" ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ಹಿರಿಯರು ಒಬ್ಬರೇ ಹೋಗುತ್ತಿದ್ದರೆ ದಯವಿಟ್ಟು ಜೊತೆಗೆ ಹೋಗಿ.

ದೊಡ್ಡಪ್ಪನ ಬಾಕ್ಸ್‌ಗೆ ಅದೇ ನಂಬರಿನ ವೂಫರ್ ಜೋಡಿ ಬಹಳ ಹುಡುಕಾಟದ ಮೇಲೆ ಒಂದು ಗುಜರಿ ಸೆಟ್‌ನಲ್ಲಿ ಸಿಕ್ಕಿತು. ಫೋಮ್ ಹಾಕಿಸಿ, ಕತ್ತರಿಸಿದ ಹಲಗೆಗೆ ರಿಂಗ್ ಕೂರಿಸಿ, ಗ್ಲಾಸ್‌ವೂಲ್ ತುಂಬಿಸಿದ್ದೇವೆ. ದನಿ ವಾಪಸ್ ಬಂದಿದೆ. ವೆನಿಯರ್ ಮೇಲಿನ ಗಾಯ ಹಾಗೇ ಇದೆ. ಒಟ್ಟು ಖರ್ಚು, ಆಂಪ್ ರಿಪೇರಿಯೂ ಸೇರಿ, ಎರಡು ಫೋಮ್ ರಿಂಗ್‌ಗೆ ಆಗಬೇಕಿದ್ದ ಖರ್ಚಿನ ಎಷ್ಟೋ ಪಟ್ಟು.

ರಿಪೇರಿಯಾದ ಬಾಕ್ಸ್ ಕೈಗೆ ಬಂದಾಗ ಅಂಗಡಿಯಲ್ಲೇ ಎರಡು ಕೆಲಸ ಮಾಡಿ. ಒಂದೂವರೆ ವೋಲ್ಟಿನ ಸೆಲ್ಲನ್ನು ಬಾಕ್ಸ್‌ನ ಹಿಂದಿನ ಟರ್ಮಿನಲ್‌ಗೆ ಕ್ಷಣ ಮಾತ್ರ ತಾಗಿಸಿ. ಪ್ಲಸ್ ಕೆಂಪಿಗೆ ತಾಗಿದಾಗ ಎರಡೂ ಬಾಕ್ಸ್‌ನ ಕೋನ್ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಒಳಗೆ, ಒಂದು ಹೊರಗೆ ಹೋದರೆ ವೈರ್ ಅದಲುಬದಲಾಗಿದೆ, ಬೇಸ್ ಒಂದನ್ನೊಂದು ಕಳೆದುಹಾಕುತ್ತದೆ. ಆಮೇಲೆ ಅದೇ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಮೂರು, ಮೂರೂವರೆ ತೋರಿಸಿದರೆ ದುಡ್ಡು ಕೊಡುವ ಮುಂಚೆ ವೂಫರ್ ಬಿಚ್ಚಿಸಿ.